ಜಾಲತಾಣದ ಮೂಲಪ್ರತಿ ಮತ್ತು ಪ್ರಕಟಪ್ರತಿ: ಒಂದು ಚಾರಿತ್ರಿಕ ವಿವೇಚನೆ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಸಮೀಪದಲ್ಲಿರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯು ೨೦೧೩ನೆಯ ಇಸವಿಯಲ್ಲಿ, ಜಗತ್ತಿನ ಮೊಟ್ಟಮೊದಲನೆಯ ಜಾಲತಾಣವನ್ನು ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ನೆಲೆಗೊಳಿಸಲು ಉದ್ಯುಕ್ತವಾಯಿತು. ಆ ತಾಣವನ್ನು ರಚಿಸಿದವರು ಅದೇ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು. ಅದು ಹೊರಗಿನವರ ಅರಿವಿಗೆ ಬಂದುದು ೧೯೯೧ರಲ್ಲಿ. ನಡುವೆ ಸಂದ ಕಾಲ ಇಪ್ಪತ್ತೆರಡು ವರ್ಷ ಮಾತ್ರ. ಗ್ರಂಥಗಳ ಆಯುಸ್ಸಿಗೆ ಹೋಲಿಸಿದರೆ ಇದು ಕಾಲವೇ ಅಲ್ಲ. ರಚಿಸಿದವರು ಬದುಕಿದ್ದರು, ತಾಣವನ್ನು ಮೊದಲು ಹೊತ್ತ ಯಂತ್ರವೂ ಸುರಕ್ಷಿತವಾಗಿತ್ತು. ಆದರೂ ಮೊದಲ ಪುಟದ ಮೊದಲ ಪಾಠ ದೊರೆಯಲಿಲ್ಲ. ಸಂಸ್ಥೆಯವರಿಗೆ ಆರಂಭದಲ್ಲಿ ಸಿಕ್ಕಿದ ಅತ್ಯಂತ ಹಳೆಯ ಪ್ರತಿ ೧೯೯೨ರದು. ಈ ಅನ್ವೇಷಣೆಯ ಸುದ್ದಿ ಹರಡಿದ ಮೇಲೆ ೧೯೯೧ರ ಪ್ರತಿಯೊಂದು ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಹಳೆಯ ಯಂತ್ರದಿಂದ ಹೊರಬಂದಿತು. ಅದಕ್ಕೂ ಹಿಂದಿನ ಪಾಠಗಳು ಅಳಿದುಹೋದುವೆಂದೇ ತಿಳಿಯಬೇಕಾಗಿದೆ.

ಇದಕ್ಕೆ ಕಾರಣವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಆ ಕಾಲದಲ್ಲಿ ಜಾಲತಾಣದ ಪುಟಕ್ಕೆ ಮೂಲಪ್ರತಿ ಬೇರೆ, ಪ್ರಕಟಪ್ರತಿ ಬೇರೆ ಎಂಬ ಭೇದವೇ ಇರಲಿಲ್ಲ. ಪುಟವನ್ನು ಲೋಕದವರಿಗೆ ಒದಗಿಸುತ್ತಿದ್ದ ಯಂತ್ರದಲ್ಲಿ, ಅಂದರೆ ಸರ್ವರಿನಲ್ಲಿ, ಯಾವ ಕಡತವಿತ್ತೋ ಅದೇ ಮೂಲ, ಅದೇ ಪ್ರಕಟಣೆ. ತಿದ್ದುವವರು ಅದರ ಮೇಲೆಯೇ ದಿನದಿನವೂ ತಿದ್ದುತ್ತಿದ್ದರು. ತಿದ್ದಿದೊಡನೆ ಹಿಂದಿನ ಪಾಠ ಇಲ್ಲವಾಗುತ್ತಿತ್ತು. ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ 'ಕಡತ' ಎಂಬ ಹೆಸರು ರೂಢಿಗೆ ಬಂದಿರುವುದು ಈ ದೃಷ್ಟಿಯಿಂದ ಬಹು ಉಚಿತವಾಗಿದೆ. ಕನ್ನಡನಾಡಿನ ಹಳೆಯ ಕಡತವು ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಬಟ್ಟೆ. ಬಳಪದಿಂದ ಬರೆದುದನ್ನು ಒರಸಿ ಅದೇ ಸ್ಥಳದಲ್ಲಿ ಬೇರೆಯದನ್ನು ಬರೆಯಬಹುದಾಗಿತ್ತು. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರ ಹಾಗೆ ಒರಸಿದರೆ ಹೋಗತಕ್ಕದ್ದಲ್ಲ. ಆರಂಭಕಾಲದ ಜಾಲತಾಣವು ಓಲೆಯ ಜಾತಿಗೆ ಸೇರದೆ ಕಡತದ ಜಾತಿಗೆ ಸೇರಿದುದಾಗಿತ್ತು.

ಈಗಿನ ಸ್ಥಿತಿ ಬೇರೆ. ವ್ಯವಸ್ಥಿತವಾಗಿ ನಡೆಯುವ ತಾಣಗಳಲ್ಲಿ ಬರೆಯುವವರು ಸರ್ವರಿನಲ್ಲಿರುವ ಪ್ರತಿಯನ್ನು ಮುಟ್ಟುವುದೇ ಇಲ್ಲ. ಅವರು ತಮ್ಮ ತಿದ್ದುಪಡಿಯನ್ನು ಆವೃತ್ತಿಗಳ ಭಂಡಾರವೊಂದರಲ್ಲಿ ದಾಖಲಿಸುವರು. ದಾಖಲೆಯಾದುದನ್ನು ಕಂಡು ಒಂದು ಯಂತ್ರವಿಧಿ ತಾನೇ ಎಚ್ಚೆತ್ತು, ಪರೀಕ್ಷೆಗಳನ್ನು ನಡೆಸಿ, ಕಡತಗಳನ್ನು ಸರ್ವರುಗಳಿಗೆ ಒಯ್ದು ಪ್ರಕಟಗೊಳಿಸುವುದು. ವೃತ್ತಿಯವರು ಈ ಕೊನೆಯ ಕಾರ್ಯವನ್ನು ಡಿಪ್ಲಾಯ್‌ಮೆಂಟ್ ಎನ್ನುವರು. ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ವೇಗದ ಚರಿತ್ರೆಯೆಂದು ಹೇಳುತ್ತಾರೆ: ತಿಂಗಳಿಗೊಮ್ಮೆ ಆಗುತ್ತಿದ್ದುದು ದಿನಕ್ಕೆ ಹತ್ತು ಸಲವಾಯಿತೆಂದು. ಅದು ಸುಳ್ಳಲ್ಲ, ಆದರೆ ಮುಖ್ಯಾಂಶ ಅದಲ್ಲವೆಂದು ತೋರುತ್ತದೆ. ನಿಜವಾಗಿ ಬದಲಾದುದು ಪ್ರಾಮಾಣ್ಯದ ನೆಲೆ. ಸರ್ವರಿನಲ್ಲಿರುವ ಪ್ರತಿ ಮೂಲವೆಂಬ ಪದವಿಯಿಂದ ಇಳಿದು, ಬೇರೊಂದು ಮೂಲದಿಂದ ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದಾದ ನಕಲು ಮಾತ್ರವಾಯಿತು. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ಭೇದದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಬದಲಾವಣೆಗೆ ಬೇಕಾಗಿದ್ದ ಎರಡು ವಿದ್ಯೆಗಳೂ ಜಾಲತಾಣಗಳಿಗಿಂತ ಹಳೆಯವು. ಒಂದು ಪಾಠಗಳನ್ನು ಕಾಪಿಡುವ ವಿದ್ಯೆ, ಇನ್ನೊಂದು ಕಡತಗಳನ್ನು ಸಾಗಿಸುವ ವಿದ್ಯೆ. ಎರಡೂ ೧೯೭೦ರ ದಶಕದ ಮೊದಲಲ್ಲಿಯೇ ಹುಟ್ಟಿ, ಬಹುಕಾಲ ಒಂದನ್ನೊಂದು ನೋಡದೆ ಬೆಳೆದುವು.

ಮೊದಲನೆಯದರ ಮೂಲಪುರುಷರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಮಾರ್ಕ್ ರೋಚ್‌ಕೈಂಡ್ ಎಂಬವರು. ೧೯೭೨ರಲ್ಲಿ ಅವರು ರಚಿಸಿದ ಎಸ್.ಸಿ.ಸಿ.ಎಸ್. ಎಂಬ ವ್ಯವಸ್ಥೆಯು ಒಂದು ಕಡತದ ಎಲ್ಲ ಪಾಠಗಳನ್ನೂ ಒಂದರೊಳಗೊಂದು ಹೆಣೆದು ಒಂದೇ ಕಡತದಲ್ಲಿ ಇಡುತ್ತಿತ್ತು. ಯಾವ ಸಾಲು ಯಾವ ಪಾಠದಲ್ಲಿ ಸೇರಿತು, ಯಾವುದರಲ್ಲಿ ಬಿಟ್ಟುಹೋಯಿತು ಎಂಬ ಗುರುತಿನಿಂದ ಬೇಕಾದ ಪಾಠವನ್ನು ಬಿಡಿಸಿ ತೆಗೆಯಬಹುದಾಗಿತ್ತು. ಪಾಠಾಂತರಗಳನ್ನೆಲ್ಲ ಕೂಡಿಸಿ ಸಿದ್ಧಪಡಿಸಿದ ಸಂಪಾದಿತ ಪ್ರತಿಗೆ ಇದನ್ನು ಹೋಲಿಸಬಹುದು. ಸುಮಾರು ಹತ್ತು ವರ್ಷಗಳ ತರುವಾಯ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಎಂಬವರು ರಚಿಸಿದ ಆರ್.ಸಿ.ಎಸ್. ಬೇರೆಯ ಹಾದಿ ಹಿಡಿಯಿತು. ಅದು ಇತ್ತೀಚಿನ ಪಾಠವನ್ನು ಇಡಿಯಾಗಿ ಇಟ್ಟು, ಹಿಂದಿನ ಪಾಠಗಳನ್ನು ಅದರಿಂದ ಹಿಮ್ಮುಖವಾಗಿ ಎಣಿಸಿದ ವ್ಯತ್ಯಾಸಗಳಾಗಿ ಮಾತ್ರ ಉಳಿಸಿತು. ಹೆಚ್ಚಾಗಿ ಬೇಕಾಗುವುದು ಹೊಸ ಪಾಠವೇ ಆದುದರಿಂದ ಅದು ತಡವಿಲ್ಲದೆ ಕೈಗೆ ಸಿಗಲಿ ಎಂಬುದೇ ಇದರ ತಾತ್ಪರ್ಯ.

ಇವೆರಡರಲ್ಲಿಯೂ ಒಬ್ಬರು ತಿದ್ದುತ್ತಿರುವಾಗ ಕಡತಕ್ಕೆ ಬೀಗ ಬೀಳುತ್ತಿತ್ತು, ಮತ್ತೊಬ್ಬರು ಕಾಯಬೇಕಾಗಿತ್ತು. ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾಲಯದ ಡಿಕ್ ಗ್ರೂನ ಎಂಬ ಅಧ್ಯಾಪಕರು ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ಕೆಲಸದಲ್ಲಿ ತೊಡಗಿದ್ದರು. ವಿದ್ಯಾರ್ಥಿಗಳಲ್ಲಿ ಒಬ್ಬನು ಹಗಲು ಕಚೇರಿಯ ಹೊತ್ತಿನಲ್ಲಿ ದುಡಿಯುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ. ಅಧ್ಯಾಪಕರಿಗೆ ಬಿಡುವಾಗುತ್ತಿದ್ದುದು ಸಂಜೆಯಲ್ಲಿ ಮಾತ್ರ. ಈ ಸಂಸಾರತಾಪತ್ರಯದಂತಹ ಕಾರಣದಿಂದ ಸಿ.ವಿ.ಎಸ್. ಹುಟ್ಟಿತು. ೧೯೮೬ರಲ್ಲಿ ಗ್ರೂನರು ಅದನ್ನು ಪ್ರಕಟಿಸಿದರು. ಬೀಗವಿಲ್ಲದೆ ಎಲ್ಲರೂ ತಮ್ಮ ತಮ್ಮ ಪ್ರತಿಯನ್ನು ತಿದ್ದಿ, ಕೊನೆಯಲ್ಲಿ ಕೂಡಿಸುವುದು ಅದರ ಕ್ರಮ. ೧೯೮೯ರಲ್ಲಿ ಬ್ರಯನ್ ಬರ್ಲಿನರ್ ಎಂಬವರು ಅದನ್ನು ಹೊಸದಾಗಿ ಬರೆದರು; ಮುಂದೆ ಅದು ಜಾಲದ ಮೂಲಕ ದೂರದವರಿಗೂ ಒದಗುವಂತಾಯಿತು.

ಎರಡನೆಯ ವಿದ್ಯೆಯ ಮೊದಲಲ್ಲಿ ಒಬ್ಬ ಭಾರತೀಯರ ಹೆಸರಿದೆ. ಕಾನ್‌ಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮೊದಲನೆಯ ತಂಡದಲ್ಲಿ ಕಲಿತು ಅಮೆರಿಕದ ಎಂ.ಐ.ಟಿ.ಗೆ ಹೋದ ಅಭಯ ಭೂಷಣರು ೧೯೭೧ರ ಏಪ್ರಿಲಿನಲ್ಲಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತವನ್ನು ಸಾಗಿಸುವ ನಿಯಮಾವಳಿಯನ್ನು ಬರೆದರು. ಅದೇ ಎಫ್.ಟಿ.ಪಿ. ಇದರ ಪರಿಷ್ಕೃತ ರೂಪ ೧೯೮೫ರಲ್ಲಿ ಸಿದ್ಧವಾಯಿತು. ೧೯೯೦ರ ದಶಕದಲ್ಲಿ ಜಾಲತಾಣಗಳು ಹೆಚ್ಚಿದಾಗ ಅವುಗಳ ಪುಟಗಳು ಸರ್ವರನ್ನು ಸೇರುತ್ತಿದ್ದುದು ಬಹುಮಟ್ಟಿಗೆ ಈ ಮಾರ್ಗದಿಂದಲೇ.

ಆದರೆ ಆ ನಿಯಮಾವಳಿಗೆ ತಾಣವೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೊಂದು ಕಡತ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಅದರ ಸ್ಥಾನದಲ್ಲಿ ಹೊಸದನ್ನು ಇಡತಕ್ಕದ್ದೆಂಬುದು ಅದರ ವಿಧಿ. ಹಳೆಯದು ಏನಾಗಿತ್ತೆಂಬ ಪ್ರಶ್ನೆ ಅದಕ್ಕಿಲ್ಲ. ನಲವತ್ತು ಕಡತಗಳನ್ನು ಒಯ್ಯುವಾಗ ಇಪ್ಪತ್ತನೆಯದರಲ್ಲಿ ತಂತಿ ಕಡಿದರೆ ಅರ್ಧ ಹೊಸದು, ಅರ್ಧ ಹಳೆಯದು ಆದ ತಾಣ ಲೋಕದ ಮುಂದೆ ನಿಲ್ಲುವುದು. ಇಲ್ಲಿ ಅಳಿಸಿದ ಪುಟ ಅಲ್ಲಿ ಅಳಿಯದೆ ಉಳಿಯುವುದು. ಇಬ್ಬರು ಬೇರೆ ಬೇರೆ ಸ್ಥಳಗಳಿಂದ ಒಂದೇ ಕಡತವನ್ನು ಕಳುಹಿಸಿದರೆ ಹಿಂದಿನವನ ಶ್ರಮ ಮುಂದಿನವನ ಕೆಳಗೆ ಹೂತುಹೋಗುವುದು. ಲಿಪಿಕಾರರ ದೋಷಗಳೆಂದು ಗ್ರಂಥಸಂಪಾದಕರು ಪಟ್ಟಿ ಮಾಡುವ ಲೋಪ, ಪ್ರಕ್ಷೇಪ, ಸ್ಥಾನಪಲ್ಲಟಗಳೆಲ್ಲ ಇಲ್ಲಿ ವಿದ್ಯುತ್ತಿನ ವೇಗದಲ್ಲಿ ಪುನರಾವೃತ್ತಿಯಾದುವು.

ಸಾಗಿಸುವ ವಿದ್ಯೆಯಲ್ಲಿ ದೊಡ್ಡ ಸುಧಾರಣೆ ೧೯೯೬ರಲ್ಲಿ ಬಂದಿತು. ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬವರು ರಚಿಸಿದ ಆರ್‌ಸಿಂಕ್ ಎಂಬ ಸಾಧನವು ಇಡೀ ಕಡತವನ್ನು ಕಳುಹಿಸುವ ಬದಲು ವ್ಯತ್ಯಾಸವನ್ನು ಮಾತ್ರ ಕಳುಹಿಸುತ್ತಿತ್ತು. ಪಡೆಯುವ ಯಂತ್ರವು ತನ್ನ ಹಳೆಯ ಪ್ರತಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಗಣಿತದಿಂದ ಬಂದ ಗುರುತನ್ನು ಹಚ್ಚಿ, ಆ ಗುರುತುಗಳನ್ನು ಮಾತ್ರ ಕಳುಹಿಸುವ ಯಂತ್ರಕ್ಕೆ ತಿಳಿಸುವುದು. ಅದು ತನ್ನ ಹೊಸ ಪ್ರತಿಯಲ್ಲಿ ಅದೇ ಗುರುತಿನ ತುಂಡುಗಳು ಎಲ್ಲಿಯಾದರೂ ಇವೆಯೇ ಎಂದು ಅಕ್ಷರಕ್ಷರವಾಗಿ ಸರಿದು ನೋಡಿ, ಇಲ್ಲದ ಭಾಗವನ್ನಷ್ಟೇ ತುಂಬಿಕೊಡುವುದು. ಎರಡು ಪ್ರತಿಗಳೂ ಒಂದೆಡೆ ಸೇರದೆ ಎರಡನ್ನೂ ಹೋಲಿಸುವ ಈ ಉಪಾಯದ ಸೊಗಸನ್ನು ಮೆಚ್ಚದಿರಲಾಗದು. ಮೂಲದಲ್ಲಿ ಅಳಿದುದನ್ನು ನಕಲಿನಲ್ಲಿಯೂ ಅಳಿಸೆಂದು ಅದಕ್ಕೆ ಹೇಳಬಹುದು. ಆದರೂ ಯಾವ ಪ್ರತಿ ಪ್ರಮಾಣ, ಯಾರು ಯಾವಾಗ ಒಪ್ಪಿದ್ದು ಎಂಬುದನ್ನು ಅದೂ ಅರಿಯದು.

ಹೀಗೆ ಕಾಪಿಡುವ ವಿದ್ಯೆಗೆ ಸಾಗಿಸುವುದು ತಿಳಿಯದು, ಸಾಗಿಸುವ ವಿದ್ಯೆಗೆ ಕಾಪಿಡುವುದು ತಿಳಿಯದು. ನಡುವಣ ತೆರಪಿನಲ್ಲಿ ನಿಂತುದು ಮನುಷ್ಯನ ಕೈ. ಈ ತೆರಪನ್ನು ಮುಚ್ಚಿದ ಮೊದಲ ಪ್ರಯತ್ನಗಳಲ್ಲೊಂದು ಯಾವ ಘೋಷಣೆಯೂ ಇಲ್ಲದೆ ಸಿ.ವಿ.ಎಸ್. ಕೈಪಿಡಿಯ ಒಂದು ಸಣ್ಣ ಪ್ರಕರಣದಲ್ಲಿ ಅಡಗಿದೆ. ಪೇರ್ ಸೀಡರ್‌ಕ್ವಿಸ್ಟ್ ಮೊದಲು ಬರೆದು ಅನಂತರ ಇತರರು ಬೆಳೆಸಿದ ಆ ಕೈಪಿಡಿಯು, ಜಾಲತಾಣವನ್ನು ಸಿ.ವಿ.ಎಸ್.ನಲ್ಲಿ ಇಟ್ಟುಕೊಂಡವರು ಪ್ರತಿಯೊಂದು ದಾಖಲೆಯ ಬೆನ್ನಿಗೇ ಸರ್ವರಿನ ಪ್ರತಿಯೂ ಹೊಸದಾಗಬೇಕೆಂದು ಬಯಸಬಹುದೆಂದು ಹೇಳಿ, ಅದಕ್ಕೆ ಒಂದು ಆಜ್ಞಾವಾಕ್ಯವನ್ನು ಕೊಡುತ್ತದೆ. ದಾಖಲೆ ಮುಗಿದಾಗ ಓಡುವ ಆ ಆಜ್ಞೆಯು ಮೊದಲು ಎರಡು ಸೆಕೆಂಡು ಮಲಗಿ, ಬಳಿಕ ಹಿನ್ನೆಲೆಯಲ್ಲಿ ತಾಣದ ಕೋಶಕ್ಕೆ ಹೋಗಿ ಹೊಸ ಪಾಠವನ್ನು ಎಳೆದುಕೊಳ್ಳುತ್ತದೆ. ಆ ಎರಡು ಸೆಕೆಂಡಿನ ನಿದ್ರೆ ನಿಷ್ಕಾರಣವಾದುದಲ್ಲ. ದಾಖಲೆ ನಡೆಯುತ್ತಿರುವಾಗ ಭಂಡಾರಕ್ಕೆ ಬೀಗವಿರುತ್ತದೆ. ಆಜ್ಞೆ ಮುಗಿಯಲೆಂದು ದಾಖಲೆಯೂ, ಬೀಗ ತೆರೆಯಲೆಂದು ಆಜ್ಞೆಯೂ ಒಂದನ್ನೊಂದು ಕಾಯುತ್ತ ಕುಳಿತರೆ ಎರಡೂ ಎಂದಿಗೂ ಏಳಲಾರವು. ಒಂದೇ ಸಾಲಿನ ಈ ಉಪಾಯದಲ್ಲಿ ಮುಂದಣ ಬೆಳವಣಿಗೆಯ ಬೀಜವೆಲ್ಲ ಇದೆ: ಪ್ರಕಟಣೆಯು ದಾಖಲೆಯ ಫಲವಾಗಬೇಕು, ಅದಕ್ಕೆ ಬೇರೊಂದು ಕೈ ಬೇಕಾಗಬಾರದು.

ಆದರೆ ಸಿ.ವಿ.ಎಸ್. ಈ ಭಾರವನ್ನು ಹೊರಲು ತಕ್ಕುದಾಗಿರಲಿಲ್ಲ. ಅದರಲ್ಲಿ ಒಂದೊಂದು ಕಡತಕ್ಕೂ ಬೇರೆ ಬೇರೆ ಸಂಖ್ಯೆ. ಇಡೀ ತಾಣದ ಒಂದು ಕಾಲದ ಸ್ಥಿತಿಗೆ ತಾನಾಗಿ ಬರುವ ಹೆಸರಿಲ್ಲ. ೨೦೦೦ದಲ್ಲಿ ಕೊಲಾಬ್‌ನೆಟ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಆರಂಭವಾಗಿ ೨೦೦೪ರಲ್ಲಿ ಮೊದಲ ಪೂರ್ಣ ರೂಪವನ್ನು ತಳೆದ ಸಬ್‌ವರ್ಷನ್ ಈ ಕೊರತೆಯನ್ನು ನೀಗಿತು. ಅದರಲ್ಲಿ ಪ್ರತಿಯೊಂದು ದಾಖಲೆಯೂ ಇಡಿಯಾಗಿ ಆಗುವುದು ಅಥವಾ ಆಗದಿರುವುದು. ಆದರೆ ಇಡೀ ಭಂಡಾರಕ್ಕೆ ಒಂದು ಸಂಖ್ಯೆ. ಹೊಸದೊಂದು ಅನರ್ಥವೂ ಇದರೊಡನೆ ಬಂದಿತು. ಸರ್ವರಿನಲ್ಲಿಯೇ ಪಾಠವನ್ನು ಎಳೆದುಕೊಳ್ಳುವ ಪದ್ಧತಿಯಲ್ಲಿ, ಭಂಡಾರದ ಗುಪ್ತಕೋಶವೊಂದು ತಾಣದ ಕಡತಗಳ ಪಕ್ಕದಲ್ಲಿಯೇ ಉಳಿಯುತ್ತಿತ್ತು. ಅದನ್ನು ಮರೆಮಾಡದೆ ಬಿಟ್ಟವರ ತಾಣಗಳಲ್ಲಿ ಯಾರು ಬೇಕಾದರೂ ಆ ಕೋಶವನ್ನು ತೆರೆದು, ಪ್ರಕಟಣೆಗೆಂದು ಇರದ ಮೂಲವನ್ನೆಲ್ಲ ಓದಬಹುದಾಗಿತ್ತು.

೨೦೦೫ರಲ್ಲಿ ಗಿಟ್ ಹುಟ್ಟಿದ ಕಥೆಯಲ್ಲಿ ಟ್ರಿಜೆಲ್ಲರ ಹೆಸರು ಮತ್ತೊಮ್ಮೆ ಬರುತ್ತದೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸುತ್ತಿದ್ದವರು ೨೦೦೨ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಉಚಿತವಾಗಿ ಬಳಸುತ್ತಿದ್ದರು. ಅದರೊಡನೆ ಮಾತನಾಡಬಲ್ಲ ಸ್ವತಂತ್ರ ಸಾಧನವನ್ನು ಟ್ರಿಜೆಲ್ಲರು ರಚಿಸತೊಡಗಿದುದರಿಂದ ಒಡೆಯರು ಮುನಿದು ಉಚಿತ ಬಳಕೆಯನ್ನು ನಿಲ್ಲಿಸಿದರು. ಆಗ ಲಿನುಸ್ ಟೊರ್ವಾಲ್ಡ್ಸ್ ಏಪ್ರಿಲ್ ತಿಂಗಳಲ್ಲಿ ತಾವೇ ಗಿಟ್ಟನ್ನು ಬರೆದರು. ಕಡತ ಸಾಗಿಸುವ ವಿದ್ಯೆಯ ಆಚಾರ್ಯರೊಬ್ಬರು ಪಾಠ ಕಾಪಿಡುವ ವಿದ್ಯೆಯ ಹೊಸ ಯುಗಕ್ಕೆ ಹೀಗೆ ಪರೋಕ್ಷವಾಗಿ ನಿಮಿತ್ತರಾದರು.

ಗಿಟ್ಟಿನಲ್ಲಿ ಇಡೀ ಕಡತಸಮೂಹದ ಪ್ರತಿಯೊಂದು ಸ್ಥಿತಿಗೂ ಅದರ ಒಳಗಿನ ಅಕ್ಷರಗಳಿಂದಲೇ ಗಣಿಸಿದ ನಲವತ್ತು ಅಂಕಾಕ್ಷರಗಳ ಹೆಸರುಂಟು. ಒಂದು ಅಕ್ಷರ ಬದಲಾದರೆ ಹೆಸರೂ ಬದಲಾಗುವುದು. ಆದಕಾರಣ ಸರ್ವರುಗಳು ಎಷ್ಟೇ ಇರಲಿ, ಒಂದೊಂದನ್ನೂ 'ನಿನ್ನಲ್ಲಿರುವ ಪಾಠ ಯಾವುದು?' ಎಂದು ಕೇಳಿ ಉತ್ತರಗಳನ್ನು ಹೋಲಿಸಬಹುದು. ಭಂಡಾರಕ್ಕೆ ಹೊಸ ದಾಖಲೆ ಬಂದು ಸೇರಿದಾಗ ತಾನಾಗಿ ಓಡುವ ಹುಕ್ ಎಂಬ ಆಜ್ಞೆಗಳನ್ನು ಅದರಲ್ಲಿ ಇಡಬಹುದು, ಸಿ.ವಿ.ಎಸ್. ಕೈಪಿಡಿಯ ಉಪಾಯದ ಬೆಳೆದ ರೂಪವೇ ಇದು. ಇನ್ನೂ ಗಮನಾರ್ಹವಾದುದು ಸರ್ವರಿನಲ್ಲಿ ತೆರೆದಿಟ್ಟ ಪ್ರತಿಯ ಬಗೆಗೆ ಅದು ಹಿಡಿದ ನಿಲುವು. ಹೊರಗಿನಿಂದ ಬಂದ ದಾಖಲೆಯು ತೆರೆದಿಟ್ಟ ಪ್ರತಿಯ ಅಡಿಯನ್ನೇ ಸರಿಸುವುದನ್ನು ೨೦೧೦ರ ಆವೃತ್ತಿಯಿಂದ ಗಿಟ್ ತಾನಾಗಿಯೇ ನಿರಾಕರಿಸತೊಡಗಿತು. ೨೦೧೫ರಲ್ಲಿ ಒಂದು ಅನುಮತಿ ಬಂದಿತು: ಬೇಕಾದವರು ತೆರೆದಿಟ್ಟ ಪ್ರತಿಯನ್ನೂ ಜೊತೆಗೇ ಹೊಸದುಮಾಡಿಸಬಹುದು, ಆದರೆ ಅದರಲ್ಲಿ ಯಾರಾದರೂ ದಾಖಲೆಯಿಲ್ಲದೆ ಕೈಯಾಡಿಸಿದ್ದರೆ ಯಂತ್ರ ಒಪ್ಪದು. ದಾಖಲೆಗೆ ಸೇರದ ತಿದ್ದುಪಡಿ ಇರಬಾರದೆಂಬ ಶಾಸನ ಹೀಗೆ ಸಾಧನದ ಸ್ವಭಾವದಲ್ಲಿಯೇ ಬೆರೆಯಿತು.

ಪ್ರಕಟಣೆಯ ಕ್ಷಣವನ್ನು ಕುರಿತ ತೊಡಕಿಗೆ ಪರಿಹಾರ ಬೇರೆ ಕಡೆಯಿಂದ ಬಂದಿತು. ೨೦೦೫ರಲ್ಲಿ ಜೇಮಿಸ್ ಬಕ್ ಎಂಬವರು ಸ್ವಿಚ್‌ಟವರ್ ಎಂಬ ಹೆಸರಿನಿಂದ ಪ್ರಕಟಿಸಿ, ಹೆಸರಿನ ಹಕ್ಕಿನ ತಕರಾರಿನಿಂದ ೨೦೦೬ರಲ್ಲಿ ಕ್ಯಾಪಿಸ್ಟ್ರಾನೊ ಎಂದು ಮರುನಾಮಕರಣ ಮಾಡಿದ ಸಾಧನವು ಹಳೆಯ ಕಡತದ ಮೇಲೆ ಹೊಸದನ್ನು ಬರೆಯುವುದನ್ನೇ ಬಿಟ್ಟಿತು. ಪ್ರತಿಯೊಂದು ಪ್ರಕಟಣೆಗೂ ಅದು ಕಾಲವನ್ನೇ ಹೆಸರಾಗಿ ಉಳ್ಳ ಬೇರೆ ಕೋಶವನ್ನು ತೆರೆದು ಅದರಲ್ಲಿ ಎಲ್ಲವನ್ನೂ ಸಿದ್ಧಪಡಿಸುವುದು. ಎಲ್ಲವೂ ಸರಿಹೋದ ಮೇಲೆ 'ಪ್ರಸ್ತುತ' ಎಂಬರ್ಥದ ಹೆಸರಿನ ಒಂದು ಲಿಂಕನ್ನು ಹಳೆಯ ಕೋಶದಿಂದ ಹೊಸ ಕೋಶಕ್ಕೆ ತಿರುಗಿಸುವುದು. ಓದುಗರು ಕಾಣುವುದು ಲಿಂಕು ತೋರಿದ ಕೋಶವನ್ನು ಮಾತ್ರ. ಹೊಸದರಲ್ಲಿ ದೋಷ ಕಂಡರೆ ಲಿಂಕನ್ನು ಹಿಂದಕ್ಕೆ ತಿರುಗಿಸಿದರೆ ಸಾಕು. ಲಿಂಕನ್ನು ತಿರುಗಿಸುವುದರಲ್ಲಿಯೂ ಒಂದು ಸೂಕ್ಷ್ಮವುಂಟು: ಸಾಮಾನ್ಯ ಆಜ್ಞೆಯು ಹಳೆಯದನ್ನು ಕಿತ್ತು ಆಮೇಲೆ ಹೊಸದನ್ನು ಇಡುವುದರಿಂದ ನಡುವೆ ಕ್ಷಣಮಾತ್ರ ತಾಣವೇ ಇಲ್ಲದಂತಾಗುವುದು. ಹೊಸ ಲಿಂಕನ್ನು ಬೇರೆ ಹೆಸರಿನಲ್ಲಿ ಮಾಡಿ, ಹಳೆಯದರ ಮೇಲೆ ಮರುಹೆಸರಿಡುವುದರಿಂದ ಆ ಕ್ಷಣವೂ ತಪ್ಪುವುದು. ಏಕೆಂದರೆ ಯೂನಿಕ್ಸ್ ವ್ಯವಸ್ಥೆಯಲ್ಲಿ ಮರುಹೆಸರಿಡುವುದು ಅವಿಭಾಜ್ಯವಾದ ಕ್ರಿಯೆ.

ಕ್ಯಾಪಿಸ್ಟ್ರಾನೊ ಏರ್ಪಾಟಿನಲ್ಲಿ ಮೂರನೆಯದೊಂದು ಕೋಶವುಂಟು, ಅದರ ಹೆಸರಿನ ಅರ್ಥ 'ಹಂಚಿಕೊಂಡದ್ದು'. ಓದುಗರು ತಾವೇ ತಂದು ಸೇರಿಸಿದ ಚಿತ್ರಗಳು, ದಿನಚರಿಯ ದಾಖಲೆಗಳು ಮುಂತಾಗಿ ಆವೃತ್ತಿಭಂಡಾರಕ್ಕೆ ಸೇರದವೆಲ್ಲ ಅಲ್ಲಿ. ಚಿತ್ರಕಾರರು ಇದನ್ನು ಅಲ್ಪವೆಂದು ಬಿಟ್ಟುಬಿಡುವುದುಂಟು; ವಾಸ್ತವವಾಗಿ ಈ ವಿದ್ಯೆಯ ಮಿತಿ ಇರುವುದು ಅಲ್ಲಿಯೇ. ಲಿಂಕನ್ನು ಹಿಂದಕ್ಕೆ ತಿರುಗಿಸಿದರೆ ಬರೆದ ಕಡತಗಳು ಹಿಂದಿರುಗುವುವು. ಹೊಸ ಪಾಠ ಓಡುತ್ತಿದ್ದ ಒಂದು ಗಂಟೆಯಲ್ಲಿ ದತ್ತಾಂಶಕೋಶದಲ್ಲಿ ಆದ ಮಾರ್ಪಾಟು ಹಿಂದಿರುಗದು.

ಇದಾದ ಮೇಲಿನ ಕಥೆ ಹೆಚ್ಚಾಗಿ ಪ್ರಸಾರದ ಕಥೆ. ೨೦೦೮ರ ಡಿಸೆಂಬರಿನಲ್ಲಿ ಗಿಟ್‌ಹಬ್ ಸಂಸ್ಥೆಯು ಭಂಡಾರಕ್ಕೆ ಬಂದ ಪುಟಗಳನ್ನು ತಾನೇ ತಾಣವಾಗಿ ಪ್ರಕಟಿಸುವ ಏರ್ಪಾಟನ್ನು ಜನರಿಗೆ ಒದಗಿಸಿತು. ೨೦೦೯ರ ಜೂನಿನಲ್ಲಿ ಸ್ಯಾನ್ ಹೋಸೆ ನಗರದ ಸಮ್ಮೇಳನವೊಂದರಲ್ಲಿ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಎಂಬವರು, ಫ್ಲಿಕರ್ ತಾಣವು ದಿನಕ್ಕೆ ಹತ್ತಕ್ಕೂ ಮಿಕ್ಕಿ ಸಲ ಹೊಸ ಪಾಠವನ್ನು ಪ್ರಕಟಿಸುತ್ತಿರುವುದಾಗಿ ತಿಳಿಸಿ ಕೇಳಿದವರನ್ನು ಬೆರಗುಗೊಳಿಸಿದರು. ತಿದ್ದುಪಡಿ ಸಣ್ಣದಾದಷ್ಟೂ ದೋಷವನ್ನು ಗುರುತಿಸುವುದು ಸುಲಭವಾಗುವುದರಿಂದ ಈ ವೇಗವು ಎಚ್ಚರಿಕೆಗೆ ವಿರೋಧಿಯಲ್ಲ, ಅದರದೇ ಒಂದು ರೂಪ. ಆದರೂ ಕೈಯಿಂದ ಪ್ರತಿಮಾಡುವ ಪದ್ಧತಿ ಒಮ್ಮೆಗೇ ಅಳಿಯಲಿಲ್ಲ. ಅಳಿಯದಿದ್ದುದರ ಬೆಲೆಯನ್ನು ತೋರಿಸಿದ ಪ್ರಸಂಗ ಜಾಲತಾಣದ್ದಲ್ಲವಾದರೂ ಅಲ್ಲಿ ನಡೆದ ಕ್ರಿಯೆ ಇದೇ ಆದುದರಿಂದ ಅದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ವ್ಯಾಪಾರಸಂಸ್ಥೆಯು ಷೇರುಪೇಟೆಗೆ ಬೇಡಿಕೆಗಳನ್ನು ಕಳುಹಿಸಲು ಎಂಟು ಸರ್ವರುಗಳನ್ನು ಇಟ್ಟುಕೊಂಡಿತ್ತು. ೨೦೧೨ರ ಜುಲೈ ೨೭ರಿಂದ ಅವುಗಳಿಗೆ ಹೊಸ ಪ್ರೋಗ್ರಾಮನ್ನು ಹಂತಹಂತವಾಗಿ ಪ್ರತಿಮಾಡಲಾಯಿತು. ಪ್ರತಿಮಾಡಿದವರು ಏಳಕ್ಕೆ ಮಾಡಿ ಎಂಟನೆಯದನ್ನು ಬಿಟ್ಟರು. ಎರಡನೆಯವರೊಬ್ಬರು ನೋಡತಕ್ಕದ್ದೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ, ನೋಡಿದವರೂ ಇಲ್ಲ. ಎಂಟನೆಯ ಸರ್ವರಿನಲ್ಲಿ ೨೦೦೩ರಿಂದ ಬಳಕೆ ತಪ್ಪಿದ್ದ ಹಳೆಯ ಪ್ರೋಗ್ರಾಮು ಅಳಿಯದೆ ಉಳಿದಿತ್ತು, ಅದನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ಪ್ರೋಗ್ರಾಮಿಗೂ ಬಳಸಲಾಗಿತ್ತು. ಆಗಸ್ಟ್ ೧ರ ಬೆಳಗ್ಗೆ ಪೇಟೆ ತೆರೆಯುವ ಮುನ್ನವೇ ಯಂತ್ರಗಳು ದೋಷವನ್ನು ಸೂಚಿಸುವ ೯೭ ಸಂದೇಶಗಳನ್ನು ಸಂಸ್ಥೆಯೊಳಗೆ ಕಳುಹಿಸಿದ್ದುವು. ಅವುಗಳನ್ನು ಎಚ್ಚರಿಕೆಯೆಂದು ಯಾರೂ ಎಣಿಸಲಿಲ್ಲ. ಪೇಟೆ ತೆರೆದೊಡನೆ ಹಳೆಯ ಪ್ರೋಗ್ರಾಮು ಎದ್ದಿತು. ೨೧೨ ಚಿಕ್ಕ ಬೇಡಿಕೆಗಳಿಗೆ ಪ್ರತಿಯಾಗಿ ಸುಮಾರು ನಲವತ್ತೈದು ನಿಮಿಷಗಳಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದುವು. ನಷ್ಟ ೪೬ ಕೋಟಿ ಡಾಲರುಗಳಿಗೂ ಮಿಗಿಲು.

ಆ ನಲವತ್ತೈದು ನಿಮಿಷಗಳಲ್ಲಿ ಸಂಸ್ಥೆಯವರು ಕೈಕಟ್ಟಿ ಕುಳಿತಿರಲಿಲ್ಲ. ದೋಷ ಹೊಸ ಪ್ರೋಗ್ರಾಮಿನದೆಂದು ಬಗೆದು, ಅದನ್ನು ಸರಿಯಾಗಿ ಇಟ್ಟಿದ್ದ ಏಳು ಸರ್ವರುಗಳಿಂದ ಕಿತ್ತುಹಾಕಿದರು. ಪರಿಣಾಮವಾಗಿ ಬಂದ ಬೇಡಿಕೆಗಳು ಆ ಏಳರಲ್ಲಿಯೂ ಹಳೆಯ ಪ್ರೋಗ್ರಾಮನ್ನೇ ಎಬ್ಬಿಸಿದುವು. ಎಂಟು ಪ್ರತಿಗಳಲ್ಲಿ ಭಿನ್ನವಾದುದು ಯಾವುದೆಂಬುದು ಆ ಹೊತ್ತಿನಲ್ಲಿ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಮರುವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆಯ ನಿಯಂತ್ರಣ ಆಯೋಗವು ಈ ಸಂಗತಿಗಳನ್ನೆಲ್ಲ ತನ್ನ ಆಜ್ಞಾಪತ್ರದಲ್ಲಿ ನಿರೂಪಿಸಿ ೧ ಕೋಟಿ ೨೦ ಲಕ್ಷ ಡಾಲರುಗಳ ದಂಡವನ್ನು ವಿಧಿಸಿತು. ಅಷ್ಟರಲ್ಲಿ ಆ ಸಂಸ್ಥೆ ಬೇರೊಂದರಲ್ಲಿ ವಿಲೀನವಾಗಿ ಮೂರು ತಿಂಗಳಾಗಿತ್ತು.